ಹುಲಿಗೆಮ್ಮ ಹೋಗಿ ಹರ್ಷಿತಾ ಆಗಬೇಕಾ?

ಪ್ರಶ್ನೆ: ಮೇಡಂ, ನನ್ನ ಹೆಸರು ಹುಲಿಗೆಮ್ಮ. ಕೊಪ್ಪಳ ಜಿಲ್ಲೆಯವಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅವ್ವನಿಗೆ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಹುಲಿಗೆಮ್ಮ ದೇವಿಗೆ ಹರಕೆ ಹೊತ್ತ ಮೇಲೆ ನಾನು ಹುಟ್ಟಿದೆ, ಅದಕ್ಕೇ ಈ ಹೆಸರು. ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ ಆಫೀಸಿನಲ್ಲಿ ‘ಹುಲಿಜೆಮ್ಮಾ’ ಅಂತಾರೆ. ಇಂಗ್ಲೆಂಡಿನ ಕ್ಲೈಂಟ್ ಒಬ್ಬರು ಮೀಟಿಂಗಿನಲ್ಲಿ ‘ಜೆಮ್ಮಾ ಅಂತ ಕರೀಬಹುದಾ?’ ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಟೀಮ್ ಲೀಡ್ ‘ಓಕೆ, ಅದೇ ಈಸಿ’ ಅಂದುಬಿಟ್ಟರು. ಎರಡು ವರ್ಷದಿಂದ ಎಲ್ಲರಿಗೂ ನಾನು ಜೆಮ್ಮಾ. ಟೀಮಿನ ಇಬ್ಬರು ಬೆಂಗಳೂರು ಹುಡುಗರು ಮಾತ್ರ ಪೂರ್ತಿ ಹೆಸರನ್ನು ರಾಗ ಎಳೆದು ಕರೆದು ನಗುತ್ತಾರೆ. ಕಳೆದ ತಿಂಗಳು ಅವ್ವ ಪಕ್ಕದ ಮನೆಯವರ ಫೋನಿಂದ ಮಾಡಿದ್ದಳು. ಆಫೀಸಿನ ಕರೆ ಇರಬೇಕೆಂದು ‘ಹಲೋ, ಜೆಮ್ಮಾ ಸ್ಪೀಕಿಂಗ್’ ಅಂದೆ. ‘ಬ್ಯಾರೆ ಯಾರಿಗೋ ಹತ್ತೇತಿ’ ಅಂತ ಅವ್ವ ಫೋನ್ ಇಟ್ಟುಬಿಟ್ಟಳು. ಅಂದಿನಿಂದ ಮನಸ್ಸು ಸರಿಯಿಲ್ಲ.

ಈಗ ಕಂಪನಿಯವರು ಆನ್‌ಸೈಟ್‌ಗೆ ಕಳಿಸುತ್ತೇವೆ, ಪಾಸ್‌ಪೋರ್ಟ್ ಮಾಡಿಸು ಅಂದಿದ್ದಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ಸರಿಯಾಗಿದೆ, ಆದರೆ ಅಡ್ಡಹೆಸರು (ಸರ್‌ನೇಮ್) ಇಲ್ಲ. ಆಧಾರ್‌ನಲ್ಲಿ ಹುಲಿಗಮ್ಮ. ಅದನ್ನು ಒಮ್ಮೆ ತಿದ್ದಿಸಲು ಹೋದಾಗಲೂ ತಪ್ಪೇ ಬಂತು. ಪ್ಯಾನ್‌ನಲ್ಲಿ ಒಂದು ಮಕಾರವೇ ಇಲ್ಲ. ಹೇಗೂ ಎಲ್ಲ ತಿದ್ದಿಸಬೇಕು, ಇದೇ ನೆಪದಲ್ಲಿ ಗೆಜೆಟ್ ಮಾಡಿಸಿ ‘ಹರ್ಷಿತಾ’ ಅಂತ ಬದಲಿಸಿಕೊಳ್ಳಲಾ? ಅವ್ವನಿಗೆ ಹೇಳಲು ಧೈರ್ಯ ಸಾಲುತ್ತಿಲ್ಲ. ನನ್ನ ಹೆಸರು ಹಾಕಿದರೂ ಅಡ್ಡಿಯಿಲ್ಲ. ನಮ್ಮ ಕಡೆ ಊರೂರಿಗೆ ಹುಲಿಗೆಮ್ಮ ಇದ್ದಾರೆ.

ಉತ್ತರ: ಹುಲಿಗೆಮ್ಮ ಅವರೇ, ಈಗ ಬದಲಿಸಬೇಡಿ.

ಪಾಸ್‌ಪೋರ್ಟಿನ ಗಡಿಬಿಡಿಯಲ್ಲಿದ್ದೀರಿ, ಅದಕ್ಕೇ ಇದನ್ನು ಮೊದಲೇ ಹೇಳಿಬಿಟ್ಟೆ. ಹೆಸರು ಬದಲಿಸಿಕೊಳ್ಳುವುದು ತಪ್ಪೇನೂ ಅಲ್ಲ. ಬದಲಿಸಿಕೊಂಡು ನೆಮ್ಮದಿಯಾಗಿರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ‘ನನಗೆ ಈ ಹೆಸರು ಇಷ್ಟವಿಲ್ಲ’ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಒಬ್ಬರ ಬಾಯಿಗೆ ಬರುತ್ತಿಲ್ಲ, ಇಬ್ಬರು ನಗುತ್ತಾರೆ, ಕಾರ್ಡುಗಳಲ್ಲಿ ತಪ್ಪಾಗಿದೆ, ಇಷ್ಟೇ ಇರುವುದು. ಈ ಮೂರೂ ಒಂದೇ ಕಷ್ಟ ಅಂದುಕೊಂಡಿದ್ದೀರಿ, ಅದಕ್ಕೇ ಎಲ್ಲದಕ್ಕೂ ಹರ್ಷಿತಾ ಒಂದೇ ಮದ್ದು ಅನಿಸುತ್ತಿದೆ. ಇವನ್ನು ಬಿಡಿಬಿಡಿಯಾಗಿ ನೋಡೋಣ.

ಮೊದಲು ಆ ಇಂಗ್ಲೆಂಡಿನವರ ವಿಷಯ. ಅವರ ಮೇಲೆ ನನಗೆ ಕೋಪವಿಲ್ಲ. ಅವರು ಕೇಳಿದರು, ಕೇಳಿಯೇ ಕರೆದರು. ಇಂಗ್ಲಿಷಿನ ‘ಜಿ’ ಅಕ್ಷರದ ಮುಂದೆ ‘ಇ’ ಬಂದರೆ ಅವರು ಹೆಚ್ಚಾಗಿ ಜಕಾರ ಮಾಡಿಯೇ ಓದುತ್ತಾರೆ. ಜನರಲ್, ಜೆಂಟಲ್ ಎಲ್ಲ ಹಾಗೇ ಅಲ್ವಾ? ಜೊತೆಗೆ ಜೆಮ್ಮಾ ಅನ್ನೋದು ಅವರ ಕಡೆ ಮನೆಮನೆಯಲ್ಲಿರುವ ಹೆಣ್ಣುಮಕ್ಕಳ ಹೆಸರು. ಕಣ್ಣಿಗೆ ಅದು ಬಿತ್ತು, ಬಾಯಿಗೂ ಅದೇ ಬಂತು. ಉತ್ತರ ಕೊಡಬೇಕಿದ್ದವರು ನೀವು. ನಿಮ್ಮ ಲೀಡ್ ನಿಮ್ಮ ಪರವಾಗಿ ಒಪ್ಪಿಬಿಟ್ಟರಲ್ಲ, ತಪ್ಪಾದದ್ದು ಅಲ್ಲಿ. ಅವರಿಗೆ ಅದು ಅರ್ಧ ನಿಮಿಷದ ಕೆಲಸ, ನಿಮಗೆ ಎರಡು ವರ್ಷ.

ಇದನ್ನು ಈಗಲೂ ಸರಿ ಮಾಡಬಹುದು. ಎರಡು ವರ್ಷ ಆಗಿಹೋಯಿತು, ಈಗ ಹೇಗೆ ಹೇಳೋದು ಅಂತ ಹಿಂಜರಿಯಬೇಡಿ. ಮುಂದಿನ ಮೀಟಿಂಗಿನಲ್ಲಿ ಬೇರೆಯವರು ಸೇರಿಕೊಳ್ಳುವ ಮೊದಲು ಅವರಿಗೆ ನೇರವಾಗಿ ಹೇಳಿ: ‘ಇಷ್ಟು ದಿನ ಜೆಮ್ಮಾ ಅಂತ ಕರೆದಿರಿ. ನನ್ನ ಹೆಸರು ಹುಲಿಗೆಮ್ಮ. ಗೆಟ್ ಅನ್ನುವಾಗ ಬರುತ್ತಲ್ಲ, ಆ ಗೆ. ಇನ್ನು ಮೇಲೆ ಹಾಗೇ ಕರೆಯಿರಿ.’ ಅಷ್ಟು ಸಾಕು. ‘ಸಾರಿ, ನನ್ನ ಹೆಸರು ಸ್ವಲ್ಪ ಕಷ್ಟ’ ಅಂತ ಶುರು ಮಾಡಬೇಡಿ. ಹರಕೆಯ ಕಥೆ ಹೇಳುವ ಅಗತ್ಯವೂ ಇಲ್ಲ. ಅದು ನಿಮ್ಮ ಮನೆಯ ವಿಷಯ, ಹೇಳಬೇಕು ಅನಿಸಿದವರಿಗೆ ಹೇಳಿದರಾಯಿತು. ಹೇಳಿದ ದಿನವೇ ಮೇಲ್‌ನಲ್ಲಿ ಕಾಣುವ ಹೆಸರನ್ನೂ ಬದಲಿಸಿ. ಲಿಂಕ್ಡ್‌ಇನ್‌ನಲ್ಲಿ ನಮ್ಮ ಹೆಸರನ್ನು ನಮ್ಮದೇ ದನಿಯಲ್ಲಿ ಹೇಳಿ ಇಡುವ ಸೌಲಭ್ಯ ಇದೆ. ಹೊಸಬರಿಗೆ ಅದರಿಂದ ತುಂಬ ಅನುಕೂಲ.

ಅವರು ‘ಹೂಲಿಗೆಮಾ’ ಅನ್ನಬಹುದು. ಒತ್ತಕ್ಷರ ಅವರ ಬಾಯಲ್ಲಿ ನಿಲ್ಲುವುದಿಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಾವೂ ಅಷ್ಟೇ. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಯಾರ ಹೆಸರಿದೆಯೋ ಆ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದವರು. ನಾವು ಆ ಬಕಾರಕ್ಕೆ ಕೊಡುವ ಒತ್ತನ್ನು ಅವರ ಮನೆಯವರು ಯಾರೂ ಕೊಟ್ಟಿರಲಾರರು. ನಾಲಿಗೆ ಬೇರೆ ಬೇರೆ, ಅಷ್ಟೇ. ನಿಮ್ಮ ಹೆಸರಿನಲ್ಲಿ ಇಂಗ್ಲಿಷಿನವರಿಗಾಗಲಿ ಹಿಂದಿಯವರಿಗಾಗಲಿ ಬಾರದ ಳಕಾರ ಕೂಡ ಇಲ್ಲ. ಹ, ಲ, ಗ, ಮ ಎಲ್ಲವೂ ಅವರ ಬಾಯಲ್ಲಿ ಇವೆ. ಒಂದೆರಡು ವಾರದಲ್ಲಿ ಕಲಿಯುತ್ತಾರೆ. ಹೇಳಿಕೊಟ್ಟಾಗ ಪ್ರಯತ್ನ ಪಡುವವರ ಜೊತೆ ಸಮಾಧಾನವಾಗಿರಿ.

ಇನ್ನು ಆ ಇಬ್ಬರು ಹುಡುಗರು. ಪತ್ರದಲ್ಲಿ ಅವರಿಗೆ ಒಂದೇ ಸಾಲು ಕೊಟ್ಟಿದ್ದೀರಿ. ನಿಮಗೆ ಜಾಸ್ತಿ ನೋವು ಕೊಟ್ಟವರು ಅವರೇ ಎಂದು ನನ್ನ ಅನಿಸಿಕೆ. ಕನ್ನಡ ಬಲ್ಲ ಯಾರಿಗೂ ಹುಲಿಗೆಮ್ಮ ಕಷ್ಟದ ಹೆಸರಲ್ಲ. ಅವರು ಒಂದಕ್ಷರವೂ ತಪ್ಪದೆ ಹೇಳುತ್ತಾರೆ, ಹೇಳಿ ನಗುತ್ತಾರೆ. ಹಾಗಾದರೆ ಅವರಿಗೆ ನಗು ತರಿಸುತ್ತಿರುವುದು ಏನು? ಆ ಹೆಸರಿನಲ್ಲಿ ಅವರಿಗೆ ಹಳ್ಳಿ ಕೇಳಿಸುತ್ತದೆ. ಉತ್ತರ ಕರ್ನಾಟಕ ಕೇಳಿಸುತ್ತದೆ. ತುಂಗಭದ್ರೆಯ ದಂಡೆಯ ಹುಲಿಗಿಗೆ, ಆ ದೇವಿಯ ಊರಿಗೆ, ಹುಣ್ಣಿಮೆಗೆ ಬಂದು ಹರಕೆ ತೀರಿಸುವ, ಕೂಲಿನಾಲಿ ಮಾಡುವ ಜನ ಕಾಣಿಸುತ್ತಾರೆ. ಹೆಸರು ಕೇಳುತ್ತಲೇ ಊರು, ಜಾತಿ, ಮನೆಯ ಸ್ಥಿತಿಗತಿ ಎಲ್ಲವನ್ನೂ ಅಳೆದುಬಿಡುವ ಕೆಟ್ಟ ಅಭ್ಯಾಸ ನಮ್ಮಲ್ಲಿದೆ. ಊರ ದೇವಿಯ ಹೆಸರಿರುವ ಹೆಣ್ಣುಮಕ್ಕಳು ಇದನ್ನು ಚೆನ್ನಾಗಿ ಬಲ್ಲರು. ದುರುಗಮ್ಮ ಕಾಲೇಜು ಸೇರುವ ಹೊತ್ತಿಗೆ ದುರ್ಗಾ ಆಗುತ್ತಾಳೆ, ಯಲ್ಲಮ್ಮ ರೇಣುಕಾ ಆಗುತ್ತಾಳೆ. ಅವರನ್ನು ತಪ್ಪು ಅನ್ನಲಾರೆ. ಹಾಜರಿ ಕೂಗಿದಾಗ ಕ್ಲಾಸೆಲ್ಲ ತಿರುಗಿ ನೋಡುವುದನ್ನು ದಿನಾ ತಡೆದುಕೊಳ್ಳುವುದು ಸುಮ್ನೆ ಮಾತಲ್ಲ.

ಆದರೆ ನೀವು ಹರ್ಷಿತಾ ಆದರೆ ಇವರು ನಗುವುದನ್ನು ಬಿಡುತ್ತಾರಾ? ನಾಳೆ ನಿಮ್ಮ ‘ಬರ್ರಿ’, ‘ಹೋಗೂಣು’ ಹಿಡಿದು ನಗುತ್ತಾರೆ. ಡಬ್ಬಿಯಲ್ಲಿ ತಂದ ಜೋಳದ ರೊಟ್ಟಿ ನೋಡಿ ಏನೋ ಅನ್ನುತ್ತಾರೆ. ಆಗ ಮಾತನ್ನೂ ಬದಲಿಸಬೇಕು, ಊಟವನ್ನೂ ಬದಲಿಸಬೇಕು. ಅವರಿಗೋಸ್ಕರ ನೀವು ಒಂದಿಷ್ಟೂ ಸರಿಯಬೇಡಿ.

ಅವರು ಮುಂದಿನ ಸಲ ರಾಗ ಎಳೆದಾಗ, ನಗದೆ, ಕೂಗಾಡದೆ ಹೇಳಿ: ‘ಹಾಗೆ ಕರೀಬೇಡಿ. ನನಗೆ ಇಷ್ಟ ಆಗಲ್ಲ.’ ‘ತಮಾಷೆಗೆ ಅಂದ್ವಿ’ ಅಂದೇ ಅನ್ನುತ್ತಾರೆ. ‘ನನಗೆ ತಮಾಷೆ ಅನಿಸಲ್ಲ’ ಅಂದು ನಿಮ್ಮ ಕೆಲಸಕ್ಕೆ ತಿರುಗಿ. ವಾದಕ್ಕೆ ಇಳಿಯಬೇಡಿ. ಇಷ್ಟು ದಿನ ನೀವೂ ಜೊತೆಗೆ ನಕ್ಕಿರಬಹುದು, ಹೆಚ್ಚಿನವರು ಮುಜುಗರ ಮುಚ್ಚಿಕೊಳ್ಳಲು ಹಾಗೇ ಮಾಡುತ್ತಾರೆ. ಇನ್ನು ಮೇಲೆ ನಗಬೇಡಿ. ಆಮೇಲೂ ಮುಂದುವರಿದರೆ ಯಾವತ್ತು, ಯಾರ ಎದುರು, ಏನಂದರು ಎಂದು ಬರೆದಿಟ್ಟು ಲೀಡ್‌ಗೆ ಮೇಲ್ ಮಾಡಿ. ಬಾಯಿಮಾತಲ್ಲಿ ಹೇಳಿದರೆ ‘ಬಿಡಮ್ಮ’ ಅಂತಾರೆ, ಬರೆದದ್ದನ್ನು ಹಾಗೆ ತಳ್ಳಿಹಾಕುವುದು ಕಷ್ಟ. ಅಲ್ಲೂ ಆಗದಿದ್ದರೆ ಎಚ್‌ಆರ್‌ಗೆ ಹೋಗಿ. ಇದು ಚಿಕ್ಕ ವಿಷಯ ಅಂತ ಯಾರಾದರೂ ಅಂದರೆ ಒಪ್ಪಬೇಡಿ.

ಹೆಸರನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಬರೆಯಿರಿ, ಸರಿಯಾಗಿ ಕರೆಯಿರಿ ಎಂದು ಕೇಳುವುದು ಹಟ ಆಗುತ್ತದಾ ಅಂತ ನಿಮಗೆ ಸಂಶಯ ಇರಬಹುದು. ನಮ್ಮ ರಾಜ್ಯವೇ ಹಾಗೆ ಕೇಳಿದೆ. 2014ರ ನವೆಂಬರ್ 1ರಂದು 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಹುಬ್ಳಿ ಹೋಗಿ ಹುಬ್ಬಳ್ಳಿ ಬಂತು, ಶಿಮೋಗಾ ಶಿವಮೊಗ್ಗ ಆಯಿತು, ನಿಮ್ಮ ಪಕ್ಕದ ಹಾಸ್ಪೆಟ್ ಹೊಸಪೇಟೆ ಆಯಿತು. ಊರಿನ ಜನ ಅದಕ್ಕೂ ಮೊದಲಿನಿಂದ ಹೊಸಪೇಟೆ ಅಂತಲೇ ಅನ್ನುತ್ತಿದ್ದರು. ಬೋರ್ಡು, ಲೆಟರ್‌ಹೆಡ್ಡು ಬದಲಾದವು, ಹೊರಗಿನವರು ನಿಧಾನವಾಗಿ ರೂಢಿ ಮಾಡಿಕೊಂಡರು. ಊರಿಗೆ ಸಲ್ಲುವ ಮರ್ಯಾದೆ ನಿಮಗೂ ಸಲ್ಲುತ್ತದೆ.

ಕಾಗದಪತ್ರದ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರಬೇಕು. ಇಲ್ಲಿ ಭಾವನೆ ಪಕ್ಕಕ್ಕಿಡಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ನೀವು ಒಂದನ್ನು ಬಳಸಿಬಿಟ್ಟಿದ್ದೀರಿ. ಆಮೇಲೂ ಬೇಕೆಂದರೆ ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐನ ಪ್ರಾದೇಶಿಕ ಕಚೇರಿಗೆ ಕಾರಣ ಕೊಟ್ಟು ಕೇಳಿಕೊಳ್ಳಬೇಕಾಗುತ್ತದೆ. ಹಾಗಾಗಿ ಉಳಿದಿರುವ ಒಂದು ಅವಕಾಶವನ್ನು ಪೂರ್ತಿ ಯೋಚಿಸಿ ಬಳಸಿ. ಅಂಕಪಟ್ಟಿಯಲ್ಲಿರುವ ಹೆಸರನ್ನೇ ಬುನಾದಿ ಮಾಡಿಕೊಳ್ಳಿ. ಮೊದಲು ಆಧಾರ್, ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕು ಮತ್ತು ಪಿಎಫ್, ಕೊನೆಗೆ ಪಾಸ್‌ಪೋರ್ಟ್. ಪ್ಯಾನ್ ತಿದ್ದಿಸಿದರೆ ನಂಬರ್ ಬದಲಾಗುವುದಿಲ್ಲ, ಕಾರ್ಡಿನ ಹೆಸರು ಮಾತ್ರ ಬದಲಾಗುತ್ತದೆ. ಪಿಎಫ್ ಖಾತೆಯ ಹೆಸರು ಆಧಾರ್‌ಗೆ ಹೊಂದದಿದ್ದರೆ ದುಡ್ಡು ತೆಗೆಯುವಾಗ ಪರದಾಡಬೇಕಾಗುತ್ತದೆ, ಅದನ್ನು ಈಗಲೇ ನೋಡಿಕೊಳ್ಳಿ. ಆಧಾರ್ ಕೇಂದ್ರದಲ್ಲಿ ಸಹಿ ಹಾಕುವ ಮುಂಚೆ ಪರದೆಯ ಮೇಲೆ ಟೈಪ್ ಆದದ್ದನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಒಂದೊಂದೇ ಅಕ್ಷರ ಓದಿ. ಹಿಂದೆ ಕ್ಯೂ ಇರಲಿ, ಆಪರೇಟರ್ ಅವಸರ ಮಾಡಲಿ, ಓದಿ ಮುಗಿಸಿಯೇ ಒಪ್ಪಿಗೆ ಕೊಡಿ. ಹಿಂದಿನ ಸಲ ತಪ್ಪು ಉಳಿದದ್ದು ಇಲ್ಲೇ ಇರಬೇಕು.

ಅಡ್ಡಹೆಸರಿನ ಬಗ್ಗೆಯೂ ಈಗಲೇ ತೀರ್ಮಾನ ಮಾಡಿ. ನಮ್ಮ ಹೆಸರುಗಳು ಪಾಸ್‌ಪೋರ್ಟಿನ ಎರಡು ಕಾಲಂಗಳಿಗೆ ಸುಲಭವಾಗಿ ಹೊಂದುವುದಿಲ್ಲ. ಹಳೆ ಮೈಸೂರಿನವರಿಗೆ ಇನಿಷಿಯಲ್, ನಿಮ್ಮ ಕಡೆಯವರಿಗೆ ಅಡ್ಡಹೆಸರು, ಕೆಲವರಿಗೆ ಎರಡೂ ಇಲ್ಲ. ಜಾವಗಲ್ ಎನ್ನುವುದು ಹಾಸನ ಜಿಲ್ಲೆಯ ಒಂದು ಊರು. ಕ್ರಿಕೆಟ್ ಜಗತ್ತಿಗೆ ಅದೇ ಶ್ರೀನಾಥ್ ಅವರ ಮೊದಲ ಹೆಸರಾಗಿಬಿಟ್ಟಿತು. ಅಡ್ಡಹೆಸರಿನ ಕಾಲಂ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಸಿಗುತ್ತದೆ. ಆದರೆ ಮುಂದೆ ತೊಡಕು. ಒಂದೇ ಹೆಸರಿದ್ದವರ ಅಮೆರಿಕ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಬರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಹುಲಿಜೆಮ್ಮಾ ಅನ್ನಿಸಿಕೊಂಡಿದ್ದೇ ಸಾಕು, ಅದೊಂದು ಬೇಡ. ಯುಎಇಯವರು 2022ರ ನವೆಂಬರಿನಲ್ಲಿ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಇಲ್ಲ ಅಂದಿದ್ದರು, ಆಮೇಲೆ ಕೊಂಚ ಸಡಿಲಿಸಿದರು. ಆದ್ದರಿಂದ ಮನೆತನದ ಹೆಸರನ್ನೋ ಅಪ್ಪನ ಹೆಸರನ್ನೋ ಸೇರಿಸುವುದಾದರೆ ಆಧಾರ್ ತಿದ್ದುವಾಗಲೇ ಸೇರಿಸಿ. ಇನಿಷಿಯಲ್ ಬೇಡ, ಪೂರ್ತಿ ಬರೆಸಿ. ಅದಕ್ಕೆ ಯಾವ ದಾಖಲೆ ಬೇಕು ಎಂದು ಹೋಗುವ ಮೊದಲೇ ಕೇಳಿಕೊಳ್ಳಿ.

ಗೆಜೆಟ್ ಮಾಡಿಸಿದರೆ ಎಲ್ಲ ಒಂದೇ ಏಟಿಗೆ ಬಗೆಹರಿಯುತ್ತದೆ ಅಂದುಕೊಂಡಿದ್ದೀರಿ. ಹಾಗಾಗುವುದಿಲ್ಲ. ಅಫಿಡವಿಟ್, ಪತ್ರಿಕೆಯಲ್ಲಿ ಪ್ರಕಟಣೆ, ಗೆಜೆಟ್ ಎಲ್ಲ ಆದ ಮೇಲೂ ಹತ್ತನೇ ತರಗತಿಯ ಅಂಕಪಟ್ಟಿ ತಾನಾಗಿ ಬದಲಾಗುವುದಿಲ್ಲ. ಹರ್ಷಿತಾ ಹೋದಲ್ಲೆಲ್ಲ ಹಿಂದೆಯೇ ಹುಲಿಗೆಮ್ಮನ ಕಾಗದವನ್ನೂ ತೋರಿಸಬೇಕಾಗುತ್ತದೆ. ಬದಲಾವಣೆ ನಿಮಗೇ ಬೇಕಿದ್ದರೆ ಈ ಓಡಾಟ ದೊಡ್ಡದಲ್ಲ. ಬೇರೆಯವರ ಅನುಕೂಲಕ್ಕೆ ಇಷ್ಟು ಓಡಬೇಕಾ?

ಅವ್ವನ ಫೋನಿನ ವಿಷಯ ಓದಿ ನನಗೂ ಸಂಕಟವಾಯಿತು. ಆದರೆ ಅವರು ನಿಮ್ಮನ್ನು ಗುರುತಿಸಲಿಲ್ಲ ಎಂದು ಕೊರಗಬೇಡಿ. ಪರಿಚಯವಿಲ್ಲದ ಇಂಗ್ಲಿಷ್ ದನಿ ಕೇಳಿದರೆ ಯಾರೇ ಆಗಲಿ ಫೋನ್ ಇಟ್ಟುಬಿಡುತ್ತಾರೆ. ಅವರಿಗೆ ಇದನ್ನೆಲ್ಲ ಹೇಳಿ. ಆಫೀಸಿನಲ್ಲಿ ಏನಂತ ಕರೀತಾರೆ, ಯಾರು ನಗ್ತಾರೆ, ಬದಲಿಸೋಣ ಅಂತ ಯಾಕೆ ಅನಿಸಿತು, ಎಲ್ಲ. ಫೋನಿನಲ್ಲಿ ಬೇಡ, ಊರಿಗೆ ಹೋದಾಗ ಹೇಳಿ. ಅಳು ಬಂದರೆ ಬರಲಿ. ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಹೆದರಿದ್ದೀರಿ. ನಿಮ್ಮನ್ನು ನೋಡಿ ನಗುವವರ ಮೇಲೆ ಅವರಿಗೆ ಸಿಟ್ಟು ಬರುವ ಸಂಭವವೇ ಹೆಚ್ಚು.

ಈಗಿನ ಹೆಸರಿನಲ್ಲೇ ಪಾಸ್‌ಪೋರ್ಟ್ ಮಾಡಿಸಿ ಹೋಗಿಬನ್ನಿ. ಅಲ್ಲಿ ಮೊದಲ ದಿನವೇ, ಮೊದಲ ಕೈಕುಲುಕಿನಲ್ಲೇ ಪೂರ್ತಿ ಹೆಸರು ಹೇಳಿ. ಎಲ್ಲರೂ ಸರಿಯಾಗಿ ಕರೆಯುವಂತಾದ ಮೇಲೂ, ಯಾರೂ ನಗದಿದ್ದರೂ, ಈ ಹೆಸರು ನನ್ನದಲ್ಲ ಅನಿಸಿದರೆ ಆಗ ಬದಲಿಸಿಕೊಳ್ಳಿ. ಪಾಸ್‌ಪೋರ್ಟ್ ಮತ್ತೆ ಮಾಡಿಸಬೇಕು, ಒಂದಿಷ್ಟು ಖರ್ಚು, ಓಡಾಟ ಇದ್ದೇ ಇರುತ್ತದೆ. ಆದರೆ ಆಗ ಹರ್ಷಿತಾ ಆಗಲಿ ಇನ್ನೇನೇ ಆಗಲಿ, ನಿಮ್ಮ ಮನಸ್ಸಿಗೆ ಬಂದ ಹೆಸರು ಇಟ್ಟುಕೊಳ್ಳುತ್ತೀರಿ. ಯಾಕೆ ಅಂತ ಅವ್ವನೊಬ್ಬಳಿಗೆ ಬಿಟ್ಟು ಬೇರೆ ಯಾರಿಗೂ ಹೇಳಬೇಕಿಲ್ಲ. ಆ ಹುಡುಗರು ನೀವು ಹೇಳಿದ ಮೇಲೂ ನಿಲ್ಲಿಸದಿದ್ದರೆ ನನಗೆ ಮತ್ತೆ ಬರೆಯಿರಿ, ಎಚ್‌ಆರ್‌ಗೆ ಕೊಡುವ ದೂರನ್ನು ಹೇಗೆ ಬರೆಯಬೇಕು ಎಂದು ಕೂತು ನೋಡೋಣ.