ಓದುಗರ ಪ್ರಶ್ನೆ, ನಮ್ಮ ಉತ್ತರ: ಅರವತ್ತು ದಾಟಿ ವಿಜ್ಞಾನ ಕಾದಂಬರಿಗೆ ಕೈಹಾಕಿದ ಜಾರ್ಜ್ ಟರ್ನರ್

ಹೋದ ತಿಂಗಳ ಒಂದು ಉತ್ತರದಲ್ಲಿ ಆಸ್ಟ್ರೇಲಿಯಾದ ಕಾದಂಬರಿಕಾರ, ವಿಮರ್ಶಕ ಜಾರ್ಜ್ ಟರ್ನರ್ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. ಆ ಒಂದು ಸಾಲಿಗೇ ಇಷ್ಟು ಪತ್ರಗಳು ಬಂದಿವೆ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಅವರಿಗೆ.

ನಾನು ಮೆಲ್ಬರ್ನ್‌ಗೆ ಬಂದು ಎಂಟು ವರ್ಷ. ಆಫೀಸಿನ ಗೆಳೆಯರೊಬ್ಬರು 'ದಿ ಸೀ ಅಂಡ್ ಸಮ್ಮರ್' ಓದಲು ಕೊಟ್ಟರು. ದಿನಾ ಓಡಾಡುವ ಊರೇ ನೀರಲ್ಲಿ ಮುಳುಗಿರುವ ಕಥೆ. ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಇದನ್ನು ಬರೆದವರು ವಿಜ್ಞಾನಿಯೇ?
— ಮೆಲ್ಬರ್ನ್‌ನಿಂದ ಒಬ್ಬ ಓದುಗರು

ಅಲ್ಲ. ಅವರು ಮಾಡಿದ ಕೆಲಸಗಳ ಪಟ್ಟಿ ನೋಡಿದರೆ ನಿಮಗೆ ಆಶ್ಚರ್ಯವಾಗಬಹುದು. ಹುಟ್ಟಿದ್ದು 1916ರಲ್ಲಿ, ನಿಮ್ಮ ಮೆಲ್ಬರ್ನ್‌ನಲ್ಲೇ. ಚಿಕ್ಕಂದಿನ ಕೆಲವು ವರ್ಷ ಚಿನ್ನದ ಗಣಿಯ ಊರು ಕಾಲ್ಗೂರ್ಲಿಯಲ್ಲಿ ಕಳೆದವು. ಎರಡನೇ ಮಹಾಯುದ್ಧದಲ್ಲಿ ಸೈನಿಕರಾಗಿ ಮಧ್ಯಪ್ರಾಚ್ಯಕ್ಕೂ ನ್ಯೂಗಿನಿಗೂ ಹೋಗಿ ಬಂದರು. ಆಮೇಲೆ ಸರ್ಕಾರದ ಉದ್ಯೋಗ ವಿನಿಮಯ ಕಚೇರಿ, ವಾಂಗರಾಟಾ ಊರಿನ ಬಟ್ಟೆ ಗಿರಣಿ, ಕೊನೆಗೆ ಮೆಲ್ಬರ್ನ್‌ನ ಬಿಯರ್ ಕಾರ್ಖಾನೆ. ಹೊಟ್ಟೆಪಾಡಿಗೆ ಇವು, ರಾತ್ರಿ ಬರವಣಿಗೆ.

ಆ ಉದ್ಯೋಗ ಕಚೇರಿಯನ್ನು ಮಾತ್ರ ನೆನಪಿಟ್ಟುಕೊಳ್ಳಿ. ನೀವು ಓದಿದ ಕಾದಂಬರಿಯಲ್ಲಿ ಸಮುದ್ರ ಏರುತ್ತಿದೆ, ನಿಜ. ಆದರೆ ಜನರನ್ನು ಎರಡು ಪಾಲು ಮಾಡಿರುವುದು ನೀರಲ್ಲ, ಕೆಲಸ. ಕೆಲಸ ಇದ್ದವರು 'ಸ್ವೀಟ್'. ಇಲ್ಲದವರು 'ಸ್ವಿಲ್', ಅಂದರೆ ಕಲಗಚ್ಚು. ಹತ್ತರಲ್ಲಿ ಒಂಬತ್ತು ಜನ ಆ ಕಲಗಚ್ಚಿನ ಪಾಲಿಗೆ ಸೇರಿ, ತಗ್ಗು ಜಾಗದಲ್ಲಿ ಕಟ್ಟಿದ ಎತ್ತರದ ಗೋಪುರಗಳಲ್ಲಿ ಸರ್ಕಾರ ಹಾಕಿದ್ದನ್ನು ತಿಂದು ಬದುಕುತ್ತಾರೆ. ಕಾನ್ವೇ ಮನೆಯ ತಂದೆಗೆ ಕೆಲಸ ಹೋದ ಕೂಡಲೇ ಆತ ಪ್ರಾಣ ಕಳೆದುಕೊಳ್ಳುತ್ತಾನೆ, ಹೆಂಡತಿ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಗೋಪುರಗಳ ಅಂಚಿನ ಬೀದಿಗೆ ಬಂದು ಬೀಳುತ್ತಾಳೆ. ಕೆಲಸ ಕೇಳಿಕೊಂಡು ಬಂದವರ ಮುಖಗಳನ್ನು ಮೇಜಿನ ಆಚೆ ಕೂತು ವರ್ಷಗಟ್ಟಲೆ ನೋಡಿದವರು ಬರೆದ ಪುಟಗಳು ಇವು ಅಂತ ನನಗೆ ಅನಿಸುತ್ತದೆ. ನಿಮ್ಮ ನಿದ್ದೆ ಕೆಡಿಸಿದ್ದು ನೀರಿಗಿಂತ ಜಾಸ್ತಿ ಆ ಮನೆಯ ಕಥೆ ಇರಬೇಕು ಅಲ್ವಾ?

ಅವರು ಮೊದಲು ವಿಮರ್ಶಕರೋ, ಮೊದಲು ಕಾದಂಬರಿಕಾರರೋ? ಒಂದೊಂದು ಕಡೆ ಒಂದೊಂದು ಥರ ಓದಿದೆ.
— ದಾವಣಗೆರೆಯಿಂದ ಒಬ್ಬ ವಿದ್ಯಾರ್ಥಿನಿ

ಎರಡೂ ಸರಿ, ಅದೇ ಗೊಂದಲಕ್ಕೆ ಕಾರಣ. ಮೊದಲು ಅವರು ಬರೆದದ್ದು ಮಾಮೂಲಿ ಸಾಮಾಜಿಕ ಕಾದಂಬರಿಗಳನ್ನು. 1959ರಿಂದ 1967ರವರೆಗೆ ಐದು ಬಂದವು. ಮೊದಲನೆಯದು ನ್ಯೂಗಿನಿಯ ಯುದ್ಧದ ಕಥೆ. ಉಳಿದ ನಾಲ್ಕು ಟ್ರೀಲೇಕ್ ಎಂಬ ಕಲ್ಪನೆಯ ಸಣ್ಣ ಊರಿನಲ್ಲಿ ನಡೆಯುತ್ತವೆ. ಅವುಗಳಲ್ಲಿ 'ದಿ ಕಬರ್ಡ್ ಅಂಡರ್ ದಿ ಸ್ಟೇರ್ಸ್' ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಂಡು ಊರಿಗೆ ಮರಳುವವನ ಕಥೆ. ಅದಕ್ಕೆ ಆಸ್ಟ್ರೇಲಿಯಾದ ದೊಡ್ಡ ಸಾಹಿತ್ಯ ಬಹುಮಾನ ಮೈಲ್ಸ್ ಫ್ರಾಂಕ್ಲಿನ್, 1962ನೇ ಸಾಲಿಗೆ, ಕಾದಂಬರಿಕಾರ್ತಿ ಥಿಯಾ ಆಸ್ಟ್ಲಿ ಜೊತೆ ಹಂಚಿಕೆಯಾಗಿ ಬಂತು.

ಇಷ್ಟೆಲ್ಲ ಆಗುವಾಗ ಅವರು ಓದುತ್ತಿದ್ದದ್ದು ಮಾತ್ರ ಚಿಕ್ಕಂದಿನಿಂದಲೂ ವಿಜ್ಞಾನ ಕಥೆಗಳನ್ನು. ಬರೆದಿರಲಿಲ್ಲ. 1966ರಲ್ಲಿ ಜಾನ್ ಬ್ಯಾಂಗ್‌ಸಂಡ್ ಮೆಲ್ಬರ್ನ್‌ನಿಂದ 'ಆಸ್ಟ್ರೇಲಿಯನ್ ಸೈನ್ಸ್ ಫಿಕ್ಷನ್ ರಿವ್ಯೂ' ಎಂಬ ಪತ್ರಿಕೆ ಶುರು ಮಾಡಿದರು. ಅಭಿಮಾನಿಗಳೇ ಸೇರಿ ತಂದ ಸಣ್ಣ ಪತ್ರಿಕೆ, ಆದರೂ ವಿಜ್ಞಾನ ಕಥಾಲೋಕದ ದೊಡ್ಡ ಗೌರವವಾದ ಹ್ಯೂಗೋ ಪ್ರಶಸ್ತಿಯ ಪಟ್ಟಿಯವರೆಗೆ ಹೋಯಿತು. 1967ರಲ್ಲಿ ಅದರಲ್ಲಿ ಟರ್ನರ್ ಅವರ ಲೇಖನ ಬಂತು, ಹೆಸರು 'ದಿ ಡಬಲ್ ಸ್ಟ್ಯಾಂಡರ್ಡ್'. ಅಲ್ಲಿಂದ ಹನ್ನೊಂದು ವರ್ಷ ಅವರ ಹೊಸ ಕಾದಂಬರಿ ಒಂದೂ ಅಚ್ಚಾಗಲಿಲ್ಲ. ಬಂದದ್ದೆಲ್ಲ ವಿಮರ್ಶೆ. ಮೊದಲು ಆ ಪತ್ರಿಕೆಗೆ, ಆಮೇಲೆ ಬ್ರೂಸ್ ಗಿಲೆಸ್ಪಿ 1969ರಲ್ಲಿ ಶುರು ಮಾಡಿದ 'ಎಸ್‌ಎಫ್ ಕಾಮೆಂಟರಿ'ಗೆ, ಜೊತೆಗೆ 'ದಿ ಏಜ್' ದಿನಪತ್ರಿಕೆಗೆ. 1978ರಲ್ಲಿ 'ಬಿಲವೆಡ್ ಸನ್' ಬಂದಾಗ ಅರವತ್ತು ದಾಟಿತ್ತು. ಅವರ ಮೊದಲ ವಿಜ್ಞಾನ ಕಾದಂಬರಿ ಅದು.

ಬಹಳ ಕಟು ವಿಮರ್ಶಕ ಎಂದು ಕೇಳಿದ್ದೇನೆ. ಇನ್ನೊಬ್ಬರ ಬರಹ ಹರಿದು ಹಾಕುವುದು ಸುಲಭ. ಅದರಿಂದ ಯಾರಿಗೆ ಏನು ಉಪಯೋಗವಾಯಿತು?
— ಮೈಸೂರಿನಿಂದ ಒಬ್ಬ ಶಿಕ್ಷಕರು

ನಿಮ್ಮ ಮಾತಿನಲ್ಲಿ ಸಿಟ್ಟಿದೆ, ಅದು ನ್ಯಾಯವೇ. ಸುಮ್ನೆ ಹರಿದು ಹಾಕುವವರನ್ನು ನಾವೂ ಬೇಕಾದಷ್ಟು ನೋಡಿದ್ದೇವೆ. ಆದರೆ 'ದಿ ಡಬಲ್ ಸ್ಟ್ಯಾಂಡರ್ಡ್' ಲೇಖನದಲ್ಲಿ ಟರ್ನರ್ ಕೇಳಿದ್ದು ಬೇರೆ. ಆ ಕಾಲದಲ್ಲಿ ವಿಜ್ಞಾನ ಕಥೆಯ ಅಭಿಮಾನಿಗಳ ಬಳಿ ಎರಡು ತಕ್ಕಡಿ ಇತ್ತು. ಬೇರೆ ಕಾದಂಬರಿಗಾದರೆ ಪಾತ್ರ ನಿಲ್ಲಬೇಕು, ಭಾಷೆ ಇರಬೇಕು, ಮನುಷ್ಯರು ಮನುಷ್ಯರ ಹಾಗೆ ನಡೆದುಕೊಳ್ಳಬೇಕು. ವಿಜ್ಞಾನ ಕಥೆಗೆ ಒಂದು ಹೊಸ ಐಡಿಯಾ ಇದ್ದರೆ ಸಾಕು, ಉಳಿದದ್ದಕ್ಕೆ ಮಾಫಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗೆ. ಈ ರಿಯಾಯಿತಿಯೇ ಅವಮಾನ ಎಂದರು ಟರ್ನರ್. ಗೌರವ ಬೇಕೆಂದರೆ ಒಂದೇ ತಕ್ಕಡಿಯಲ್ಲಿ ತೂಗಿಸಿಕೊಳ್ಳಬೇಕು ಎನ್ನುವುದು ಅವರ ವಾದ.

ಮಾತಿಗೆ ಉದಾಹರಣೆಯಾಗಿ ಅವರು ಯಾವುದೋ ಬಡಪಾಯಿ ಪುಸ್ತಕವನ್ನು ಆರಿಸಿಕೊಳ್ಳಲಿಲ್ಲ. ಆಲ್‌ಫ್ರೆಡ್ ಬೆಸ್ಟರ್ ಅವರ 'ದಿ ಡಿಮಾಲಿಶ್ಡ್ ಮ್ಯಾನ್' ಎತ್ತಿಕೊಂಡರು. 1953ರಲ್ಲಿ ಮೊಟ್ಟಮೊದಲ ಹ್ಯೂಗೋ ಪಡೆದ ಕಾದಂಬರಿ, ಅಭಿಮಾನಿಗಳ ಕಣ್ಮಣಿ. ಅದನ್ನು ಬೇರೆ ಯಾವುದೇ ಕಾದಂಬರಿ ಓದುವ ಹಾಗೆ ಓದಿ, ಎಲ್ಲೆಲ್ಲಿ ನಿಲ್ಲುವುದಿಲ್ಲ ಎಂದು ತೋರಿಸಿದರು. ನನಗೆ ಆ ಕಾದಂಬರಿಯ ಓಟ ಇಷ್ಟ, ಅವರು ಅದಕ್ಕೆ ಕೊಡಬೇಕಾದ ಅಂಕವನ್ನೂ ಕೊಡಲಿಲ್ಲ ಅನಿಸುತ್ತದೆ. ಆದರೂ ಆ ಪ್ರಶ್ನೆ ಸರಿಯಾದದ್ದು, ಯಾರಾದರೂ ಕೇಳಲೇಬೇಕಿತ್ತು.

ಇನ್ನು ಉಪಯೋಗದ ಮಾತು. 1975ರಲ್ಲಿ ವಿಶ್ವ ವಿಜ್ಞಾನ ಕಥಾ ಸಮ್ಮೇಳನ ಮೊದಲ ಸಲ ಆಸ್ಟ್ರೇಲಿಯಾಕ್ಕೆ, ಮೆಲ್ಬರ್ನ್‌ಗೆ ಬಂತು. ಅದರ ಸುತ್ತಮುತ್ತ ಹೊಸಬರಿಗಾಗಿ ಬರವಣಿಗೆ ಶಿಬಿರಗಳು ನಡೆದವು. ಅಂಥ ಒಂದು ಶಿಬಿರದಲ್ಲಿ ಹೊಸಬರ ಜೊತೆ ಕೂತು ಅವರ ಕಥೆಗಳನ್ನು ತಿದ್ದಿ, 1977ರಲ್ಲಿ 'ದಿ ವ್ಯೂ ಫ್ರಮ್ ದಿ ಎಡ್ಜ್' ಎಂಬ ಸಂಕಲನ ಮಾಡಿದವರೂ ಟರ್ನರೇ. ತಪ್ಪು ತೋರಿಸಿ ಎದ್ದು ಹೋದವರಲ್ಲ ಅವರು.

ಇನ್ನೂ ಒಂದಿದೆ, ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅದೇ. ಹನ್ನೊಂದು ವರ್ಷ ಬೇರೆಯವರನ್ನು ಆ ತಕ್ಕಡಿಗೆ ಹಾಕಿದ ಮೇಲೆ ತಾವೇ ವಿಜ್ಞಾನ ಕಾದಂಬರಿ ಬರೆದು ಹತ್ತಿ ನಿಂತರು. ಹತ್ತಿ ನಿಲ್ಲಬೇಕಾದ ಅಗತ್ಯವೇ ಇರಲಿಲ್ಲ. ಬಹುಮಾನ ಬಂದಿತ್ತು, ಹೆಸರಿತ್ತು, ವಿಮರ್ಶಕ ಅಂದರೆ ಜನ ಹೆದರುತ್ತಿದ್ದರು. ಎಷ್ಟೋ ಜನರ ಪುಸ್ತಕಕ್ಕೆ ಮುಲಾಜಿಲ್ಲದೆ ಬರೆದವರು ಈಗ ಸಿಕ್ಕಿಬೀಳಲಿ ಎಂದು ಕಾಯುವವರೂ ಇದ್ದೇ ಇರುತ್ತಾರೆ, ಅದು ಗೊತ್ತಿದ್ದೂ ಬರೆದರು. 'ಬಿಲವೆಡ್ ಸನ್'ನಲ್ಲಿ ನಕ್ಷತ್ರಯಾನದಿಂದ ಮರಳಿದ ಹಡಗಿನವರಿಗೆ ತಾವು ಬಿಟ್ಟುಹೋದ ಭೂಮಿಯೇ ಸಿಗುವುದಿಲ್ಲ. ನಾಗರಿಕತೆ ಕುಸಿದು, ಬೇರೆಯದೇ ಲೋಕ ಎದ್ದು ನಿಂತಿರುತ್ತದೆ. ಆ ಕಾದಂಬರಿಯಲ್ಲಿ ಮಾತು ಜಾಸ್ತಿ, ಗಂಟುಗಳೂ ಜಾಸ್ತಿ. ಅವರದೇ ತಕ್ಕಡಿಯಲ್ಲಿ ಹಾಕಿದರೆ ಪೂರ್ತಿ ತೂಗುವುದಿಲ್ಲ ಎಂದೇ ನನ್ನ ಲೆಕ್ಕ. ಒಂಬತ್ತು ವರ್ಷ ಬಿಟ್ಟು ಬಂದ 'ದಿ ಸೀ ಅಂಡ್ ಸಮ್ಮರ್' ತೂಗುತ್ತದೆ.

'ದಿ ಸೀ ಅಂಡ್ ಸಮ್ಮರ್' ಮತ್ತು 'ಡ್ರೌನಿಂಗ್ ಟವರ್ಸ್' ಬೇರೆ ಬೇರೆ ಪುಸ್ತಕಗಳೇ?
— ಹುಬ್ಬಳ್ಳಿ

ಒಂದೇ. ಎರಡನೆಯದು ಅಮೆರಿಕದ ಹೆಸರು. ಎರಡನ್ನೂ ಕೊಂಡುಕೊಳ್ಳಬೇಡಿ.

ಆಸ್ಟ್ರೇಲಿಯಾದಲ್ಲಿ ವಿಜ್ಞಾನ ಕಾದಂಬರಿ ಟರ್ನರ್ ಅವರಿಂದಲೇ ಶುರುವಾಯಿತೇ?
— ಕಲಬುರಗಿ

ಇಲ್ಲ, ಇಲ್ಲ. ಟರ್ನರ್ ಮೂರು ವರ್ಷದ ಮಗುವಾಗಿದ್ದಾಗಲೇ, 1919ರಲ್ಲಿ, ಎರ್ಲ್ ಕಾಕ್ಸ್ ಎಂಬವರ 'ಔಟ್ ಆಫ್ ದಿ ಸೈಲೆನ್ಸ್' ಮೆಲ್ಬರ್ನ್‌ನ 'ದಿ ಆರ್ಗಸ್' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತ್ತು. ದ್ರಾಕ್ಷಿ ತೋಟದ ಮಾಲೀಕನೊಬ್ಬ ನೆಲ ಅಗೆಯುವಾಗ ದೊಡ್ಡ ಗೋಳವೊಂದು ಸಿಗುತ್ತದೆ. ಅದರೊಳಗೆ ಕೋಟ್ಯಂತರ ವರ್ಷಗಳಿಂದ ಮಲಗಿರುವ, ಹಳೆಯ ನಾಗರಿಕತೆಯ ಒಬ್ಬ ಹೆಣ್ಣು. 1925ರಲ್ಲಿ ಅದು ಪುಸ್ತಕವಾಯಿತು. ಕಾಕ್ಸ್ ಕೂಡ ಅದೇ ಪತ್ರಿಕೆಯಲ್ಲಿ ವಿಮರ್ಶೆ ಬರೆಯುತ್ತಿದ್ದವರು, ನೋಡಿ. ಬಿಳಿಯರಲ್ಲದವರನ್ನು ಅಳಿಸಿ ಹಾಕುವ ಮಾತು ಆ ಕಾದಂಬರಿಯಲ್ಲಿ ಬರುತ್ತದೆ, ಇವತ್ತು ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದನ್ನು ಮುಚ್ಚಿಟ್ಟು ಹೊಗಳುವುದು ನನ್ನಿಂದ ಆಗದು.

ಟರ್ನರ್ ಹೇಳಿದ ಭವಿಷ್ಯ ನಿಜವಾಯಿತೇ?
— ಬೆಂಗಳೂರು

ಭವಿಷ್ಯ ಹೇಳುತ್ತಿದ್ದೇನೆ ಎಂದು ಅವರು ಯಾವತ್ತೂ ಹೇಳಲಿಲ್ಲ. 'ದಿ ಸೀ ಅಂಡ್ ಸಮ್ಮರ್' ಕೊನೆಗೆ ಒಂದು ಟಿಪ್ಪಣಿ ಬರೆದು ಅದನ್ನು ಸ್ಪಷ್ಟ ಮಾಡಿದ್ದಾರೆ. ಜನಸಂಖ್ಯೆ, ಆಹಾರ, ನಿರುದ್ಯೋಗ, ಹಣಕಾಸಿನ ಕುಸಿತ, ಭೂಮಿ ಬಿಸಿಯಾಗುವುದು, ಇವುಗಳ ಬಗ್ಗೆ ಈಗಲೇ ಯೋಚಿಸಿ ಎನ್ನುವುದಷ್ಟೇ ಅವರ ಒತ್ತಾಯ. ಕಾದಂಬರಿ ಬಂದದ್ದು 1987ರಲ್ಲಿ. ಹವಾಮಾನ ಬದಲಾವಣೆಯನ್ನು ಅಭ್ಯಾಸ ಮಾಡುವ ವಿಶ್ವಸಂಸ್ಥೆಯ ಐಪಿಸಿಸಿ ಹುಟ್ಟಿದ್ದೇ ಅದರ ಮರುವರ್ಷ. 1900ರಿಂದ ಈಚೆಗೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ 20 ಸೆಂಟಿಮೀಟರಿಗಿಂತ ಹೆಚ್ಚು ಏರಿದೆ. ಟರ್ನರ್ ಕಥೆಯ ಗೋಪುರಗಳು ಮುಳುಗಲು ಅದು ಸಾಲದು. ಆದರೆ ಕಥೆ ನಡೆಯುವುದು 2040, 2050ರ ದಶಕಗಳಲ್ಲಿ, ಈಗ ಶಾಲೆಗೆ ಹೋಗುವ ಮಕ್ಕಳು ಸಂಸಾರ ನಡೆಸುವ ವಯಸ್ಸಿಗೆ ಬಂದಿರುತ್ತಾರೆ.

ನನಗೆ ಅರವತ್ತು, ಬ್ಯಾಂಕಿನಿಂದ ನಿವೃತ್ತಿ ಆಯಿತು. ಬರೆಯಬೇಕೆಂಬ ಆಸೆ. ತಡವಾಯಿತೇ?
— ಶಿವಮೊಗ್ಗ

'ಬಿಲವೆಡ್ ಸನ್' ಆದ ಮೇಲೆ ಟರ್ನರ್ ಬದುಕಿದ್ದಾಗಲೇ ಇನ್ನೂ ಆರು ವಿಜ್ಞಾನ ಕಾದಂಬರಿಗಳು ಬಂದವು, ಆರನೆಯದು 1994ರಲ್ಲಿ. ನಡುವೆ 1984ರಲ್ಲಿ ಒಂದು ಆತ್ಮಕಥೆ. ವರ್ಷದ ಒಳ್ಳೆಯ ವಿಜ್ಞಾನ ಕಾದಂಬರಿಗೆ ಬ್ರಿಟನ್‌ನಲ್ಲಿ ಕೊಡುವ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ ಶುರುವಾದ ಎರಡನೇ ವರ್ಷ, 1988ರಲ್ಲಿ, 'ದಿ ಸೀ ಅಂಡ್ ಸಮ್ಮರ್'ಗೆ ಸಿಕ್ಕಿತು. ಆಗ ವಯಸ್ಸು 71. ಆದರೆ ಒಂದು ಮಾತು ಮುಚ್ಚಿಡಬಾರದು. ಅವರು ಅರವತ್ತಕ್ಕೆ ಪೆನ್ನು ಹಿಡಿದವರಲ್ಲ, ಇಪ್ಪತ್ತು ವರ್ಷ ಬರೆದು ಬರೆದು ಆಮೇಲೆ ದಾರಿ ಬದಲಿಸಿದವರು. ಹಾಗಾಗಿ ಇವತ್ತು ಸಂಜೆಯೇ ಒಂದು ಪುಟ ಬರೆಯಿರಿ, ನಾಳೆ ಬೇಡ.

ಯಾವುದರಿಂದ ಓದಲು ಶುರು ಮಾಡಲಿ?
— ಮಂಗಳೂರು

'ದಿ ಸೀ ಅಂಡ್ ಸಮ್ಮರ್' ಮೊದಲು. 2013ರಲ್ಲಿ 'ಎಸ್‌ಎಫ್ ಮಾಸ್ಟರ್‌ವರ್ಕ್ಸ್' ಸರಣಿಯಲ್ಲಿ ಮತ್ತೆ ಅಚ್ಚಾಗಿದೆ. ಶುರುವಿನಲ್ಲಿ ತುಂಬಾ ಮುಂದಿನ ಕಾಲದವರಿಬ್ಬರು ಮುಳುಗಿದ ಗೋಪುರಗಳನ್ನು ದೋಣಿಯಲ್ಲಿ ನೋಡಲು ಬರುತ್ತಾರೆ. ಆ ಭಾಗ ನಿಧಾನ, ಬೇಸರ ಮಾಡಿಕೊಂಡು ಪುಸ್ತಕ ಮುಚ್ಚಬೇಡಿ. ಗೋಪುರದ ಒಡೆಯ ಬಿಲ್ಲಿ ಕೊವಾಕ್ಸ್ ಬರುವ ತನಕ ಕಾಯಿರಿ. ರೌಡಿ, ಸುಲಿಗೆ ಮಾಡುವವನು, ತನ್ನ ಜನರಿಗಾಗಿ ಏನು ಬೇಕಾದರೂ ಮಾಡುವವನು. ಅವನು ಬಂದ ಮೇಲೆ ಬಿಡಲು ಆಗುವುದಿಲ್ಲ. ಆಮೇಲೆ ಆತ್ಮಕಥೆ 'ಇನ್ ದಿ ಹಾರ್ಟ್ ಆರ್ ಇನ್ ದಿ ಹೆಡ್' ಹುಡುಕಿ, ಬದುಕಿನ ಕಥೆಯೂ ವಿಜ್ಞಾನ ಕಥೆಯ ಚರ್ಚೆಯೂ ಅದರಲ್ಲಿ ಸರದಿಯಂತೆ ಬರುತ್ತವೆ. ಕೊನೆಯ ವರ್ಷಗಳನ್ನು ಅವರು ಬ್ಯಾಲರಾಟ್ ಊರಿನಲ್ಲಿ ಕಳೆದರು, 1997ರ ಜೂನ್‌ನಲ್ಲಿ ತೀರಿಕೊಂಡರು. 1999ರ ಮೆಲ್ಬರ್ನ್ ವಿಶ್ವ ಸಮ್ಮೇಳನಕ್ಕೆ ಅವರನ್ನು ಗೌರವ ಅತಿಥಿ ಎಂದು ಆರಿಸಿಯಾಗಿತ್ತು. ಅವರಿಲ್ಲದಿದ್ದರೂ ಆ ಗೌರವವನ್ನು ಅವರ ಹೆಸರಿಗೇ ಉಳಿಸಿಕೊಂಡರು. ಕೊನೆಯ ಕಾದಂಬರಿ 'ಡೌನ್ ದೇರ್ ಇನ್ ಡಾರ್ಕ್‌ನೆಸ್' ಬಂದದ್ದೂ ಅದೇ ವರ್ಷ.