ಹೊಗೆ ತಾಗದ ಕ್ಯಾಬಿನ್ ಯಾವುದು?

ಓದುಗರ ಪ್ರಶ್ನೆ, ಹಡಗಿನವರ ಉತ್ತರ. ಉತ್ತರಿಸುವವರು ಕ್ರೂಸ್ ಹಡಗುಗಳಲ್ಲಿ ಹನ್ನೊಂದು ವರ್ಷ ಕ್ಯಾಬಿನ್ ಸ್ಟೂವರ್ಡ್, ಅಂದರೆ ಪ್ರಯಾಣಿಕರ ಕೋಣೆಗಳನ್ನು ನೋಡಿಕೊಳ್ಳುವವರು, ಆಗಿದ್ದವರು.

ಪ್ರಶ್ನೆ: ಸಾರ್, ನಾವಿಬ್ಬರೂ ಮೊದಲ ಸಲ ಏಳು ರಾತ್ರಿಯ ಕ್ರೂಸ್‌ಗೆ ಹೊರಟಿದ್ದೇವೆ. ನನ್ನ ಹೆಂಡತಿಗೆ ಆಸ್ತಮಾ ಇದೆ. ಪಕ್ಕದಲ್ಲಿ ಯಾರಾದರೂ ಸಿಗರೇಟ್ ಹಚ್ಚಿದರೆ ಸಾಕು, ರಾತ್ರಿಯಿಡೀ ಕೆಮ್ಮು. ಆದರೂ ಬಾಲ್ಕನಿ ಇರುವ ಕ್ಯಾಬಿನ್ನೇ ಬೇಕು ಅನ್ನೋದು ಅವಳ ಆಸೆ. 'ಈಗೆಲ್ಲ ಕ್ಯಾಬಿನ್‌ಗಳು ನೋ ಸ್ಮೋಕಿಂಗ್, ಸುಮ್ನೆ ಯೋಚನೆ ಮಾಡಬೇಡಿ' ಅಂತ ಬುಕಿಂಗ್ ಏಜೆಂಟ್ ಹೇಳುತ್ತಿದ್ದಾರೆ. ನಂಬಬಹುದಾ? ಯಾವ ಡೆಕ್ (ಹಡಗಿನ ಮಹಡಿ), ಯಾವ ಕಡೆ ತಗೊಳ್ಳಬೇಕು?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ಏಜೆಂಟ್ ಸುಳ್ಳು ಹೇಳಿಲ್ಲ. ಅರ್ಧ ಹೇಳಿದ್ದಾರೆ, ಅಷ್ಟೇ. ನಿಮ್ಮ ಕ್ಯಾಬಿನ್‌ನಲ್ಲಿ ಯಾರೂ ಸೇದುವ ಹಾಗಿಲ್ಲ, ನಿಜ. ಆದರೆ ಹಡಗಿನಲ್ಲಿ ಎಲ್ಲೋ ಒಂದು ಕಡೆ ಸೇದುತ್ತಾರೆ. ಆ ಜಾಗ ನಿಮ್ಮ ಕ್ಯಾಬಿನ್‌ಗೆ ಎಷ್ಟು ಹತ್ತಿರ, ಅಲ್ಲಿಂದ ಗಾಳಿ ಯಾವ ಕಡೆ ಹೋಗುತ್ತೆ ಅನ್ನೋದನ್ನು ಏಜೆಂಟ್ ಹೇಳಲ್ಲ. ಬಹುಶಃ ಅವರಿಗೂ ಗೊತ್ತಿರಲ್ಲ.

ಇಡೀ ಹಡಗೇ ಸಿಗರೇಟ್ ಮುಕ್ತ ಆಗಿರುವಂಥದ್ದು ಇಲ್ಲವಾ ಅಂತ ಕೇಳಬಹುದು. ಒಂದು ಕಾಲದಲ್ಲಿ ಇತ್ತು. 1998ರಲ್ಲಿ ಕಾರ್ನಿವಲ್ ಕಂಪನಿ 'ಪ್ಯಾರಡೈಸ್' ಅನ್ನೋ ಹಡಗು ಇಳಿಸಿತು. ಅದರಲ್ಲಿ ಒಳಗೂ ಇಲ್ಲ, ಹೊರಗೂ ಇಲ್ಲ. ಸಿಗರೇಟ್ ಸಮೇತ ಸಿಕ್ಕಿಬಿದ್ದರೆ 250 ಡಾಲರ್ ದಂಡ, ಮುಂದಿನ ಬಂದರಿನಲ್ಲಿ ಕೆಳಗಿಳಿಸಿಬಿಡುತ್ತಿದ್ದರು. 2004ರಲ್ಲಿ ಆ ನಿಯಮ ಕೈಬಿಟ್ಟರು. ಸೇದದವರು ಬಾರ್‌ನಲ್ಲಿ, ಕ್ಯಾಸಿನೊದಲ್ಲಿ ಕಡಿಮೆ ಖರ್ಚು ಮಾಡುತ್ತಾರೆ ಅನ್ನೋದು ಆಗ ಕೇಳಿಬಂದ ಕಾರಣ. ಹಡಗಿನವರ ಲೆಕ್ಕಾಚಾರ ಇದರಲ್ಲೇ ಗೊತ್ತಾಗುತ್ತೆ, ಅಲ್ವಾ?

ಆಮೇಲೆ ನಿಯಮಗಳು ಬಂದವು, ಆದರೆ ಒಂದೊಂದಾಗಿ. ಪ್ರಿನ್ಸೆಸ್ ಕಂಪನಿ 2012ರಲ್ಲಿ ಕ್ಯಾಬಿನ್ ಮತ್ತು ಬಾಲ್ಕನಿ ಎರಡರಲ್ಲೂ ಸೇದುವುದನ್ನು ನಿಲ್ಲಿಸಿತು. ಡಿಸ್ನಿ ಬಾಲ್ಕನಿಯಲ್ಲಿ ನಿಲ್ಲಿಸಿದ್ದು 2013ರಲ್ಲಿ. ರಾಯಲ್ ಕೆರಿಬಿಯನ್, ಕಾರ್ನಿವಲ್, ನಾರ್ವೀಜಿಯನ್ ಮೂರೂ 2014ರಲ್ಲಿ. ಆದರೆ ಬಾಲ್ಕನಿಯಲ್ಲಿ ಸೇದಲು ಬಿಡುವ ಕಂಪನಿಗಳು ಪೂರ್ತಿ ಮಾಯವಾಗಿಲ್ಲ. ಹಾಗಾಗಿ ಏಜೆಂಟ್‌ಗೆ ಮೂರು ಪ್ರಶ್ನೆ ಬಿಡಿಬಿಡಿಯಾಗಿ ಕೇಳಿ. ಕ್ಯಾಬಿನ್ ಒಳಗೆ ಸೇದಬಹುದಾ? ಬಾಲ್ಕನಿಯಲ್ಲಿ? ಕ್ಯಾಸಿನೊದಲ್ಲಿ? 'ನೋ ಸ್ಮೋಕಿಂಗ್ ಹಡಗು' ಅನ್ನೋ ಒಂದೇ ಮಾತಿನ ಉತ್ತರ ಒಪ್ಪಬೇಡಿ. ಕಂಪನಿಯ ಈಗಿನ ನಿಯಮ ಏನಿದೆಯೋ ಅದನ್ನೇ ಮೇಲ್‌ನಲ್ಲಿ ಕಳಿಸಿ ಅನ್ನಿ.

ಮೂರನೆಯದನ್ನು ಕೇಳಲು ಜನ ಮರೆಯುತ್ತಾರೆ. ನನ್ನ ಅನುಭವದಲ್ಲಿ ಜಾಸ್ತಿ ಕಾಟ ಅದರದೇ.

ನಾನು ಕೆಲಸ ಮಾಡಿದ ಒಂದು ಹಡಗಿನಲ್ಲಿ ಕ್ಯಾಸಿನೊ ಆರನೇ ಡೆಕ್‌ನಲ್ಲಿತ್ತು. ನನ್ನ ಪಾಲಿಗೆ ಬಂದಿದ್ದು ಎಂಟನೇ ಡೆಕ್‌ನ ನಡುಭಾಗದ ಹದಿನಾರು ಕ್ಯಾಬಿನ್. ಎರಡು ಡೆಕ್ ದೂರ, ಏನಾಗುತ್ತೆ ಅಂದುಕೊಳ್ಳಬಹುದು. ಆದರೆ ಕ್ಯಾಸಿನೊ ಪಕ್ಕದಲ್ಲೇ ಏಟ್ರಿಯಂ. ಅಂದರೆ ಆರೇಳು ಡೆಕ್ ಎತ್ತರಕ್ಕೆ ಬಾಯಿ ತೆರೆದುಕೊಂಡ ದೊಡ್ಡ ಬಾವಿ. ಬೆಚ್ಚಗಿನ ಗಾಳಿ ಮೇಲೆ ಹೋಗುತ್ತೆ, ಅದರ ಜೊತೆ ಹೊಗೆಯೂ. ರಾತ್ರಿ ಹತ್ತರ ಹೊತ್ತಿಗೆ ಎಂಟನೇ ಡೆಕ್‌ನ ಲಿಫ್ಟ್ ಮುಂದೆ ನಿಂತರೆ ಹಳೆಯ ಆಶ್‌ಟ್ರೇ ಒಳಗೆ ನಿಂತ ಹಾಗೆ ಇರೋದು. ಲಿಫ್ಟ್‌ನಿಂದ ಮೊದಲ ನಾಲ್ಕು ಕ್ಯಾಬಿನ್‌ನವರು ದಿನಾ ನನ್ನನ್ನು ಕರೆಯುತ್ತಿದ್ದರು. ಕಾರಿಡಾರ್ ಕೊನೆಯ ಕ್ಯಾಬಿನ್‌ನವರಿಗೆ ವಾಸನೆಯ ಸುಳಿವೇ ಇರಲಿಲ್ಲ. ಒಂದೇ ಡೆಕ್, ಒಂದೇ ದರ!

ಇದರಲ್ಲಿ ಇನ್ನೊಂದು ಮೋಸ ಇದೆ. ಹಡಗು ಬಂದರಿನಲ್ಲಿ ನಿಂತಿರುವಾಗ ಸಾಮಾನ್ಯವಾಗಿ ಕ್ಯಾಸಿನೊ ಮುಚ್ಚಿರುತ್ತೆ. ನೀವು ಹತ್ತುವ ಮಧ್ಯಾಹ್ನ ಎಲ್ಲ ಕಡೆ ಫಿನಾಯಿಲ್, ಹೂವಿನ ವಾಸನೆ. 'ಪರವಾಗಿಲ್ಲ, ಚೆನ್ನಾಗಿದೆ' ಅಂತ ಪೆಟ್ಟಿಗೆ ಬಿಚ್ಚುತ್ತೀರಿ. ಹಡಗು ದಡ ಬಿಟ್ಟು ಸಮುದ್ರಕ್ಕೆ ಹೋದ ಮೇಲೆ ಕ್ಯಾಸಿನೊ ತೆರೆಯುತ್ತೆ. ಹತ್ತಿದ ದಿನ ಮೂಸಿ ನೋಡಿದ್ದು ಲೆಕ್ಕಕ್ಕಿಲ್ಲ.

ಇನ್ನು 'ಕ್ಯಾಸಿನೊದಲ್ಲಿ ವೆಂಟಿಲೇಶನ್ ಚೆನ್ನಾಗಿದೆ' ಅನ್ನೋ ಮಾತು. 2006ರಲ್ಲಿ ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಉನ್ನತ ಆರೋಗ್ಯಾಧಿಕಾರಿ) ವರದಿ ಸ್ಪಷ್ಟವಾಗಿಯೇ ಹೇಳಿತು: ಸೇದುವವರನ್ನು ಬೇರೆ ಕೂರಿಸಿದರೂ, ಗಾಳಿ ಶುದ್ಧ ಮಾಡಿದರೂ, ಫ್ಯಾನ್ ಹಾಕಿದರೂ ಒಳಾಂಗಣದಲ್ಲಿ ಬೇರೆಯವರಿಗೆ ಹೊಗೆ ತಾಗುವುದನ್ನು ಪೂರ್ತಿ ತಪ್ಪಿಸಲು ಆಗಲ್ಲ. ಆದ್ದರಿಂದ ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಕ್ಯಾಸಿನೊ ಹೊಗೆಯ ಕಾಟವೇ ಇಲ್ಲದ ಹಡಗು ಆರಿಸುತ್ತೇನೆ. ಸೆಲೆಬ್ರಿಟಿ ಕಂಪನಿಯ ಕ್ಯಾಸಿನೊಗಳಲ್ಲಿ ಸೇದುವ ಹಾಗಿಲ್ಲ. ಡಿಸ್ನಿ ಹಡಗುಗಳಲ್ಲಿ ಕ್ಯಾಸಿನೊನೇ ಇಲ್ಲ. ಇಂಥ ಹಡಗು ಸಿಕ್ಕರೆ ಅರ್ಧ ತಲೆನೋವು ಕಳೆಯಿತು.

ಈಗ ಬಾಲ್ಕನಿ ವಿಷಯಕ್ಕೆ ಬರೋಣ. ಇಲ್ಲಿ ಗಾಳಿಯ ಲೆಕ್ಕ ಗೊತ್ತಿರಬೇಕು. ಹಡಗು 20 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್‌ನಲ್ಲಿ ಹೋಗುತ್ತಿದೆ ಅನ್ನಿ. ಹೊರಗೆ ಗಾಳಿಯೇ ಇಲ್ಲದಿದ್ದರೂ ಬಾಲ್ಕನಿಯಲ್ಲಿ ನಿಂತವರಿಗೆ ಅಷ್ಟು ವೇಗದ ಗಾಳಿ ಮುಂದಿನಿಂದ ಹಿಂದಕ್ಕೆ ಬೀಸುತ್ತೆ. ಹೊಗೆಯೂ ಅದೇ ದಾರಿ ಹಿಡಿಯುತ್ತೆ. ನಿಮಗಿಂತ ಹಿಂದೆ ಸೇದುವವರಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನಿಮಗಿಂತ ಮುಂದೆ, ನಿಮ್ಮದೇ ಬದಿಯಲ್ಲಿ ಇದ್ದರೆ ತೊಂದರೆ. ಹಿಂದಿನಿಂದ ಗಾಳಿ ಹಡಗಿನ ವೇಗದಲ್ಲೇ ಬೀಸುವ ದಿನ ಈ ಲೆಕ್ಕ ಕೈಕೊಡುತ್ತೆ. ಆಗ ಬಾಲ್ಕನಿಯಲ್ಲಿ ಗಾಳಿ ಅಲ್ಲಾಡಲ್ಲ, ಹೊಗೆ ಅಲ್ಲೇ ನಿಂತುಬಿಡುತ್ತೆ.

ಹೊರಗೆ ಸೇದುವ ಜಾಗವನ್ನು ತುಂಬಾ ಹಡಗುಗಳಲ್ಲಿ ಒಂದೇ ಬದಿಗೆ ಇಟ್ಟಿರುತ್ತಾರೆ. ಮುಂದಕ್ಕೆ ಮುಖ ಮಾಡಿ ನಿಂತರೆ ಎಡಗಡೆ ಪೋರ್ಟ್, ಬಲಗಡೆ ಸ್ಟಾರ್‌ಬೋರ್ಡ್. ಯಾವ ಬದಿ ಅನ್ನೋದು ಹಡಗಿನಿಂದ ಹಡಗಿಗೆ ಬೇರೆ. ಹಾಗಾಗಿ ಪಕ್ಕದ ಮನೆಯವರು ಹೋದ ಹಡಗಿನ ಮಾತು ಕೇಳಿ ಬುಕ್ ಮಾಡಬೇಡಿ. ನಿಮ್ಮ ಹಡಗಿನದು ಕೇಳಿಕೊಂಡು ಎದುರು ಬದಿ ತಗೊಳ್ಳಿ.

ಪೂರ್ತಿ ಹಿಂಭಾಗದ ಕ್ಯಾಬಿನ್ ನೋಡೋಕೆ ಚೆಂದ. ನೀರು ಸೀಳಿಕೊಂಡು ಹೋದ ಬಿಳಿ ಗೆರೆ ಕಾಣುತ್ತೆ. ಆದರೆ ನಿಮ್ಮ ಮನೆಯವರಿಗೆ ಬೇಡ. ಹಡಗಿನ ಬೆನ್ನ ಹಿಂದೆ ಗಾಳಿ ಸುಳಿ ಸುತ್ತುತ್ತೆ. ಮೇಲಿನ ಡೆಕ್‌ನ ಹೊಗೆ, ಚಿಮಣಿಯ ಮಸಿ ಎರಡನ್ನೂ ಎಳೆದುಕೊಂಡು ಬರುತ್ತೆ. ಅಲ್ಲಿನ ಬಾಲ್ಕನಿಗಳ ಕಂಬಿ ಬೆಳಿಗ್ಗೆ ಒರೆಸಿದರೆ ಬಿಳಿ ಬಟ್ಟೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಮಧ್ಯಾಹ್ನ ಇನ್ನೊಂದು ಸಲ ಒರೆಸಬೇಕಾಗುತ್ತಿತ್ತು.

ಡೆಕ್ ಪ್ಲ್ಯಾನ್, ಅಂದರೆ ಹಡಗಿನ ಮಹಡಿಗಳ ನಕ್ಷೆ, ನೋಡುವಾಗ ಎಲ್ಲರೂ ಮಾಡುವ ತಪ್ಪು ಒಂದಿದೆ. ತಮ್ಮ ಡೆಕ್‌ನ ಪುಟ ಮಾತ್ರ ನೋಡುತ್ತಾರೆ. ನೀವು ಮೂರು ಪುಟ ತೆಗೆಯಿರಿ: ನಿಮ್ಮದು, ಮೇಲಿನದು, ಕೆಳಗಿನದು. ಒಂದರ ಮೇಲೊಂದು ಇಟ್ಟು ನೋಡಿ. ನಿಮ್ಮ ನೆತ್ತಿಯ ಮೇಲೆ ಈಜುಕೊಳದ ಬಾರ್ ಬಂದರೆ ಬಿಡಿ. ಕಾಲ ಕೆಳಗೆ ಕ್ಯಾಸಿನೊ, ಸಿಗಾರ್ ಲಾಂಜ್ ಬಂದರೆ ಬಿಡಿ. ಮೇಲೂ ಕೆಳಗೂ ಬರೀ ಕ್ಯಾಬಿನ್‌ಗಳಿರುವ, ಲಿಫ್ಟ್‌ನಿಂದ ದೂರದ, ನಡುವಿನಿಂದ ಸ್ವಲ್ಪ ಮುಂದಕ್ಕಿರುವ ಬಾಲ್ಕನಿ ಹುಡುಕಿ. ತೀರಾ ಮೂತಿಗೆ ಹೋಗಬೇಡಿ, ಅಲ್ಲಿ ತೂಗಾಟ ಜಾಸ್ತಿ. ಆಸ್ತಮಾ ತಪ್ಪಿಸಲು ಹೋಗಿ ವಾಂತಿ ಕರೆದುಕೊಂಡ ಹಾಗಾಗುತ್ತೆ. ಪ್ಲ್ಯಾನ್ ಹೊಸದೇ ಅಂತಲೂ ಖಾತ್ರಿ ಮಾಡಿಕೊಳ್ಳಿ. ಹಡಗು ರಿಪೇರಿಗೆ ಹೋಗಿ ಬಂದಾಗ ಕ್ಯಾಸಿನೊ, ಬಾರ್‌ಗಳ ಜಾಗ ಬದಲಾಗಿರಬಹುದು.

ಪ್ಲ್ಯಾನ್‌ನಲ್ಲಿ ಎರಡು ಕ್ಯಾಬಿನ್ ನಡುವೆ ಸಣ್ಣ ಗುರುತು ಕಂಡರೆ ಅದು ಕನೆಕ್ಟಿಂಗ್ ಡೋರ್. ದೊಡ್ಡ ಕುಟುಂಬದವರಿಗೆ ಅನುಕೂಲ, ನಿಮಗೆ ಬೇಡವೇ ಬೇಡ. ಆ ಬಾಗಿಲಿನ ಕೆಳಗೆ ಸಂದಿ ಇರುತ್ತೆ. ಪಕ್ಕದವರ ಟಿವಿ ಸದ್ದು, ಅವರ ಕೋಟಿಗೆ ಹತ್ತಿದ ಸಿಗರೇಟ್ ವಾಸನೆ ಎರಡೂ ಅಲ್ಲಿಂದಲೇ ಬರುತ್ತೆ.

'ಗ್ಯಾರಂಟಿ ಕ್ಯಾಬಿನ್' ಅಂತ ಅಗ್ಗದ ದರ ತೋರಿಸಿದರೆ ಕೈಮುಗಿದುಬಿಡಿ. ಕ್ಯಾಬಿನ್ ಸಿಗುತ್ತೆ ಅನ್ನೋದಷ್ಟೇ ಗ್ಯಾರಂಟಿ. ಯಾವುದು ಅಂತ ಕಂಪನಿಯೇ ಆರಿಸುತ್ತೆ. ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ನೀರುಪಾಲು.

ಬಾಲ್ಕನಿಯಲ್ಲಿ ಸೇದಲು ಬಿಡುವ ಹಡಗೇ ಗತಿ ಅಂತಾದರೆ ಒಂದು ಕಹಿ ಮಾತು ಹೇಳುತ್ತೇನೆ. ಬಾಲ್ಕನಿ ಆಸೆ ಬಿಡಿ, ತೆರೆಯಲಾಗದ ಗಾಜಿನ ಕಿಟಕಿಯ ಕ್ಯಾಬಿನ್ ತಗೊಳ್ಳಿ. ಸಮುದ್ರ ಕಾಣುತ್ತೆ, ಪಕ್ಕದವರ ಹೊಗೆ ಒಳಗೆ ಬರಲ್ಲ. ಬಾಲ್ಕನಿ ಕ್ಯಾಬಿನ್‌ನ ಬಾತ್‌ರೂಮಿನಲ್ಲಿ ಗಾಳಿ ಹೊರಗೆಳೆಯುವ ಜಾಲರಿ ಸದಾ ಕೆಲಸ ಮಾಡುತ್ತಿರುತ್ತೆ. ನೀವು ಬಾಲ್ಕನಿ ಬಾಗಿಲು ತೆರೆದ ತಕ್ಷಣ ಹೊರಗಿನ ಗಾಳಿ ಒಳಗೆ ನುಗ್ಗುತ್ತೆ. ಅದೇ ಹೊತ್ತಿಗೆ ಯಾರಾದರೂ ಕಾರಿಡಾರ್ ಬಾಗಿಲು ತೆರೆದರಂತೂ ಬಿರುಗಾಳಿ. ಪರದೆ ಸೂರಿಗೆ ಹಾರಿದ್ದು ನೋಡಿದ್ದೇನೆ.

ಕೊನೆಗೆ ಒಂದು ಸಣ್ಣದು. ಹತ್ತುವಾಗ ದೊಡ್ಡ ಪೆಟ್ಟಿಗೆಗಳನ್ನು ಕೆಳಗೇ ತಗೊಳ್ಳುತ್ತಾರೆ. ಕ್ಯಾಬಿನ್ ಬಾಗಿಲಿಗೆ ಬರುವಾಗ ಕೆಲವು ಸಲ ರಾತ್ರಿಯಾಗಿರುತ್ತೆ. ಇನ್‌ಹೇಲರ್ ಕೈಚೀಲದಲ್ಲೇ ಇರಲಿ.

ಪ್ರಶ್ನೆ: ಕಳೆದ ಸಲ ನಮ್ಮ ಕ್ಯಾಬಿನ್‌ಗೆ ಕಾಲಿಟ್ಟ ಕೂಡಲೇ ಸಿಗರೇಟ್ ವಾಸನೆ. ಹಿಂದಿನವರು ಕದ್ದು ಸೇದಿದ್ದರು ಅಂತ ಕಾಣುತ್ತೆ. ರೂಮ್ ಫ್ರೆಶ್‌ನರ್ ಹೊಡೆದು ಹೋದರು. ಮೂರು ದಿನ ತಲೆನೋವು. ಏನು ಮಾಡಬೇಕಿತ್ತು?

ಉತ್ತರ: ಪೆಟ್ಟಿಗೆ ಬಿಚ್ಚಬಾರದಿತ್ತು. ಮೊದಲ ಗಂಟೆಯಲ್ಲೇ ಗೆಸ್ಟ್ ಸರ್ವಿಸ್ ಕೌಂಟರ್‌ಗೆ ಹೋಗಿ 'ಬೇರೆ ಕ್ಯಾಬಿನ್ ಕೊಡಿ, ಇಲ್ಲ ಅಂದರೆ ಇದನ್ನು ಸರಿಯಾಗಿ ತೊಳೆಸಿ' ಅನ್ನಬೇಕಿತ್ತು. ಮೂರನೇ ದಿನ ಹೇಳಿದರೆ ನೀವೇ ಸೇದಿರಬಹುದು ಅಂತ ಅನುಮಾನ ಪಡುವವರೂ ಇರುತ್ತಾರೆ!

ಫ್ರೆಶ್‌ನರ್ ಸುಮ್ನೆ ನೆಪ. ಹೊಗೆಯ ಜಿಡ್ಡು ಪರದೆ, ಕಾರ್ಪೆಟ್, ಸೋಫಾ, ಗೋಡೆಯ ಮೇಲೆ ಕೂತಿರುತ್ತೆ. ಗಂಭೀರವಾಗಿ ಮಾಡಿದರೆ ನಾವು ಹಾಸಿಗೆ, ಪರದೆ ಎಲ್ಲ ಕಳಚಿ ಲಾಂಡ್ರಿಗೆ ಹಾಕಿ, ಕಾರ್ಪೆಟ್ ಶಾಂಪೂ ಮಾಡಿ, ವಾಸನೆ ತೆಗೆಯುವ ಓಝೋನ್ ಅನಿಲದ ಮೆಷಿನ್ ಇಟ್ಟು ಬಾಗಿಲು ಮುಚ್ಚುತ್ತಿದ್ದೆವು. ಆ ಮೆಷಿನ್ ಓಡುವಾಗ ಒಳಗೆ ಯಾರೂ ಇರಬಾರದು. ಆಮೇಲೆ ಕ್ಯಾಬಿನ್‌ಗೆ ಚೆನ್ನಾಗಿ ಗಾಳಿಯಾಡಬೇಕು. ಓಝೋನ್ ಕೂಡ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಆಸ್ತಮಾದವರಿಗಂತೂ ಅಲ್ಲವೇ ಅಲ್ಲ.

ಕದ್ದು ಸೇದುವವರ ಜಾಣತನ ನೋಡಿ ನಗು ಬರುತ್ತಿತ್ತು. ಒಂದು ಬೆಳಿಗ್ಗೆ ಕ್ಯಾಬಿನ್‌ಗೆ ಹೋದರೆ ಸೂರಿನ ಸ್ಮೋಕ್ ಡಿಟೆಕ್ಟರ್‌ಗೆ ನಮ್ಮದೇ ಶವರ್ ಕ್ಯಾಪ್ ತೊಡಿಸಿದ್ದರು, ಮಗುವಿಗೆ ಟೋಪಿ ಹಾಕಿದ ಹಾಗೆ. ಬಾಗಿಲ ಕೆಳಗೆ ಒದ್ದೆ ಟವೆಲ್. ಎಲ್ಲ ವ್ಯವಸ್ಥೆಯೂ ಆಗಿತ್ತು, ಸಿಗರೇಟ್ ತುಂಡನ್ನು ಮಾತ್ರ ಹಲ್ಲುಜ್ಜುವ ಲೋಟದಲ್ಲೇ ಮರೆತಿದ್ದರು. ಕಂಪನಿ ನೋಡಿಕೊಂಡು ಇದಕ್ಕೆ 250 ಡಾಲರ್‌ನಿಂದ 500 ಡಾಲರ್‌ವರೆಗೂ ಬಿಲ್‌ಗೆ ಸೇರಿಸುತ್ತಾರೆ.

ಪಕ್ಕದ ಬಾಲ್ಕನಿಯವರು ಸೇದುತ್ತಿದ್ದರೆ ನೀವೇ ಹೋಗಿ ಜಗಳ ಆಡಬೇಡಿ. ಅದೇ ಕ್ಷಣ ಕೌಂಟರ್‌ಗೆ ಫೋನ್ ಮಾಡಿ, ಹೊತ್ತು ಎಷ್ಟು, ವಾಸನೆ ಎಡಗಡೆಯಿಂದಲೋ ಬಲಗಡೆಯಿಂದಲೋ ಹೇಳಿ. ಸೆಕ್ಯುರಿಟಿಯವರು ಬಂದು ಮೂಸಿ ನೋಡಿದಾಗ ವಾಸನೆ ಇನ್ನೂ ಇರಬೇಕು.

ಪ್ರಶ್ನೆ: ನಾನು ಸೇದುವವನು, ಬಿಡಲು ಆಗಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಾಲ್ಕನಿಯಲ್ಲಿ ಒಂದೇ ಒಂದು ಸೇದಿ ತುಂಡನ್ನು ಸಮುದ್ರಕ್ಕೆ ಎಸೆದರೆ ಯಾರಿಗೇನು ನಷ್ಟ? ಇ-ಸಿಗರೇಟ್ ಆದರೆ?

ಉತ್ತರ: ಇ-ಸಿಗರೇಟ್‌ಗೂ ಹೆಚ್ಚಿನ ಕಂಪನಿಗಳಲ್ಲಿ ಸಿಗರೇಟಿನ ನಿಯಮವೇ. ಅದು ಮುಗಿಯಿತು.

ತುಂಡಿನ ವಿಷಯ ಕೇಳಿ. 2006ರ ಮಾರ್ಚ್ 23ರ ನಸುಕಿನಲ್ಲಿ 'ಸ್ಟಾರ್ ಪ್ರಿನ್ಸೆಸ್' ಅನ್ನೋ ಹಡಗು ಜಮೈಕಾದ ಮಾಂಟೆಗೊ ಬೇ ಕಡೆಗೆ ಹೋಗುತ್ತಿತ್ತು. ಬೆಂಕಿ ಹೊತ್ತಿದ್ದು ಒಂದು ಬಾಲ್ಕನಿಯಲ್ಲಿ. ಎಸೆದ ಸಿಗರೇಟ್ ತುಂಡೇ ಕಾರಣ ಇರಬಹುದು ಅಂತ ತನಿಖೆಯವರು ಹೇಳಿದರು. ಬಾಲ್ಕನಿಗಳ ನಡುವಿನ ಪ್ಲಾಸ್ಟಿಕ್ ತಡಿಕೆಗಳಿಗೆ ಬೆಂಕಿ ಹಬ್ಬಿ, ಡೆಕ್‌ನಿಂದ ಡೆಕ್‌ಗೆ ಏರಿತು. ಒಬ್ಬ ಪ್ರಯಾಣಿಕರು ತೀರಿಕೊಂಡರು. 79 ಕ್ಯಾಬಿನ್ ಸುಟ್ಟು ಕೆಲಸಕ್ಕೆ ಬಾರದಂತಾದವು.

ನೀವು ಸಮುದ್ರಕ್ಕೆ ಎಸೆದೆ ಅಂದುಕೊಳ್ಳುತ್ತೀರಿ. ಗಾಳಿ ಅದನ್ನು ವಾಪಸ್ ಹಡಗಿಗೇ ತಂದು ಹಾಕುತ್ತೆ. ಒಂದು ಬೆಳಿಗ್ಗೆ ಕೆಳಗಿನ ಡೆಕ್‌ನ ಬಾಲ್ಕನಿಯಲ್ಲಿ ಕುರ್ಚಿಗೆ ಒಣಹಾಕಿದ್ದ ಟವೆಲ್ ಎತ್ತಿದೆ. ನಡುವೆ ನಾಲ್ಕು ಬೆರಳಗಲದ ತೂತು, ಸುತ್ತ ಕಂದು ಅಂಚು. ಕುರ್ಚಿಯ ಪ್ಲಾಸ್ಟಿಕ್ ಕರಗಿ ಗುಳಿ ಬಿದ್ದಿತ್ತು. ಆ ಕ್ಯಾಬಿನ್‌ನಲ್ಲಿ ಇಬ್ಬರು ಸಣ್ಣ ಮಕ್ಕಳು ಇನ್ನೂ ಮಲಗಿದ್ದರು. ಗಾಳಿಗೆ ತಾನಾಗಿ ಆರಿತ್ತು, ಅಷ್ಟೇ.

ರಾತ್ರಿ ಒಂದು ಗಂಟೆಗೂ ಸ್ಮೋಕಿಂಗ್ ಜೋನ್ ತೆರೆದೇ ಇರುತ್ತೆ. ಮರಳು ತುಂಬಿದ ಡಬ್ಬಿ ಇಟ್ಟಿರುತ್ತಾರೆ. ಚಪ್ಪಲಿ ಹಾಕಿಕೊಂಡು ಅಲ್ಲಿವರೆಗೆ ನಡೆಯಿರಿ.