ಕೂಸನ್ನು ಎತ್ತಿಕೊಳ್ಳದ ಬಾಣಂತಿ: ಗಂಗಾವತಿಯವರ ಪ್ರಶ್ನೆಗೆ

ಹೆಂಡತಿ ಕೂಸನ್ನು ಎತ್ತಿಕೊಳ್ಳುತ್ತಿಲ್ಲ, ಇದು ಗಾಳಿಯೋ ಸೊಕ್ಕೋ ಎಂದು ಕೇಳಿದ್ದೀರಿ. ಇದು ಬಹುಮಟ್ಟಿಗೆ ಬಾಣಂತಿ ಖಿನ್ನತೆ. ದೆವ್ವ-ಗಾಳಿಯ ಸೋಂಕಲ್ಲ, ಸೊಕ್ಕಂತೂ ಅಲ್ಲವೇ ಅಲ್ಲ. ಹೆರಿಗೆಯಾದ ಹೊಸತರ ಅಳು 2 ವಾರದೊಳಗೆ ತಾನಾಗಿ ಇಳಿಯುತ್ತದೆ. ನೀವು ಬರೆದಂತೆ 6 ವಾರವಾದರೂ ನಿಮ್ಮ ಹೆಂಡತಿ ಕೂಸನ್ನು ಎತ್ತಿಕೊಳ್ಳುತ್ತಿಲ್ಲ, ಅದು ಮಲಗಿದಾಗಲೂ ಅವರಿಗೆ ನಿದ್ದೆಯಿಲ್ಲ ಅಂದರೆ ಕಾಯಬೇಡಿ.

ಇವತ್ತೇ, ಮನೆಮಂದಿ ಇಲ್ಲದಾಗ ನೇರವಾಗಿ ಕೇಳಿ: ‘ಸಾಯಬೇಕು ಅನಸ್ತದೇನು? ಕೂಸಿಗೆ ಏನರೆ ಮಾಡಿಬಿಡ್ತೀನಿ ಅಂತ ಅಂಜಿಕಿ ಆಗ್ತದೇನು?’ ಕೇಳಿದ್ದಕ್ಕೇ ಅಂಥ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ, ಅಥವಾ ಇಲ್ಲದ ದನಿ ಕೇಳುತ್ತಿದ್ದರೆ, ಒಬ್ಬರನ್ನೇ ಬಿಡದೆ ಅದೇ ದಿನ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ.

ಇಲ್ಲ ಅಂದರೂ ಈ ವಾರ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿ ಮಾನಸಿಕ ಆರೋಗ್ಯದ ‘ಮನೋಚೈತನ್ಯ’ ಕ್ಲಿನಿಕ್ ಸಾಮಾನ್ಯವಾಗಿ ಮಂಗಳವಾರ. ಆಶಾ ಕಾರ್ಯಕರ್ತೆಯನ್ನು ಕೇಳಿ ಖಚಿತಪಡಿಸಿಕೊಳ್ಳಿ. ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆಯೂ ಆಗಲಿ, ಅವೆರಡು ಏರುಪೇರಾದರೂ ಹೀಗೇ ಸುಸ್ತು, ಮಂಕು. ಮಾತ್ರೆ ಬರೆದರೆ ಮೊಲೆಹಾಲು ಬಿಡಿಸಬೇಕೆಂದಿಲ್ಲ: ಖಿನ್ನತೆಗೆ ಕೊಡುವ ಸರ್ಟ್ರಾಲಿನ್ ಮಾತ್ರೆ ಹಾಲಿಗೆ ಇಳಿಯುವುದು ತೀರಾ ಕಡಿಮೆ. ಗುಣ ಕಾಣಲು 2ರಿಂದ 4 ವಾರ ಬೇಕು. ‘ಏನೂ ಆಗಲಿಲ್ಲ’ ಅಂತ ಹತ್ತನೇ ದಿನಕ್ಕೆ ಬಿಡುವುದೇ ದೊಡ್ಡ ತಪ್ಪು.

ಅಲ್ಲಿತನಕ ರಾತ್ರಿ ಒಂದು ಹೊತ್ತಿನ ಹಾಲು ಹಿಂಡಿಟ್ಟು ನೀವು ಕುಡಿಸಿ, ಅವರಿಗೆ ಸತತ 4-5 ತಾಸು ನಿದ್ದೆ ಸಿಗಲಿ. ಯಾವ ಹೊತ್ತಿಗಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.